ನೀರಗಂಟಿ ಮುನಿಯಕ್ಕ ಮತ್ತು ನೂರಾ ಮೂವತ್ತಮೂರನೇ ಕಲಮು

ಬನಶಂಕರಿ ಗುಡಿ ದಾಟಿ ಕನಕಪುರ ರಸ್ತೆಯಲ್ಲಿ ಎರಡು ಮೈಲಿ ನಡೆದರೆ ಎಡಕ್ಕೆ ಸಾರಗೊಂಡನಹಳ್ಳಿ. ಎಪ್ಪತ್ತರ ದಶಕದಲ್ಲಿ ಆ ಊರಿಗೆ ಬಸ್ಸು ಇರಲಿಲ್ಲ. ಊರ ಮುಂದೆ ಮೂವತ್ತೆರಡು ಎಕರೆಯ ಕೆರೆ, ಏರಿಯ ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ಸೊಪ್ಪಿನ ಮಡಿಗಳು, ಆಚೆ ದಿಬ್ಬದ ಮೇಲೆ ಹೊಲೆಯರ ಕೇರಿ. ಕೆರೆಯ ನೀರನ್ನು ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ಬಿಡಬೇಕು ಅಂತ ನೋಡಿಕೊಳ್ಳುವ ನೀರಗಂಟಿ ಕೆಲಸ ಆ ಕೇರಿಯ ಯಲ್ಲಯ್ಯನದು. ಅವನ ಅಪ್ಪನದೂ ಅದೇ ಕೆಲಸ, ತಾತನದೂ ಅದೇ.

ಯಲ್ಲಯ್ಯನಿಗೆ ಇಬ್ಬರು ಮಕ್ಕಳು. ದೊಡ್ಡವಳು ಮುನಿಯಕ್ಕ, ಚಿಕ್ಕವನು ಚಲುವರಾಜು. ಮಗ ಸ್ಲೇಟು ಹಿಡಿದು ಸ್ಕೂಲಿಗೆ ಹೋದ. ಮಗಳು ಗುದ್ದಲಿ ಹಿಡಿದು ಅಪ್ಪನ ಹಿಂದೆ ಏರಿ ಮೇಲೆ ಹೋದಳು. ಎಂಟನೇ ವಯಸ್ಸಿಗೇ ಅವಳಿಗೆ ತೂಬಿನ ಕಲ್ಲುಕಂಬ ಹಿಡಿದು ನೀರಿಗಿಳಿಯೋದು ಗೊತ್ತಿತ್ತು. ತೂಬಿಗೆ ಎರಡು ಕಂಡಿ. ಮೇಲಿನ ಕಂಡಿ ದಿನಬಳಕೆಗೆ. ಕೆಳಗಿನದು ಕೆರೆಯ ತಳಕ್ಕೇ ಇತ್ತು, ಹೂಳು ತೊಳೆಯೋಕೆ ಅಂತ ವರ್ಷಕ್ಕೊಂದು ಸಲ ಮಾತ್ರ ತೆಗೆಯೋರು. ಉಸಿರು ಕಟ್ಟಿ ಮುಳುಗಿ, ಕಂಡಿಗೆ ಮುಚ್ಚಿದ ಬಿರಡೆಗೆ ಕಾಲು ಕೊಟ್ಟು ಎಬ್ಬಿಸಬೇಕು. ಊರಲ್ಲಿ ಅದು ಬರುತ್ತಿದ್ದುದು ಇಬ್ಬರಿಗೇ, ಯಲ್ಲಯ್ಯನಿಗೆ ಮತ್ತು ಅವನ ಮಗಳಿಗೆ.

ಅರವತ್ತರ ದಶಕದಲ್ಲಿ ಸರ್ಕಾರ ಕಾನೂನು ಮಾಡಿ ಪಟೇಲ, ಶಾನುಭೋಗ, ತೋಟಿ, ನೀರಗಂಟಿ ಅಂತ ವಂಶದಿಂದ ಬರುತ್ತಿದ್ದ ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ಯಲ್ಲಯ್ಯನ ಇಪ್ಪತ್ತು ಗುಂಟೆ ಇನಾಂ ಜಮೀನು ಅವನ ಹೆಸರಿಗೇ ಆಯಿತು. ಕೆರೆ ಒಂದು ಇಲಾಖೆಯ ಸುಪರ್ದಿಗೆ ಹೋಯಿತು. ಆದರೆ ನೀರು ಬಿಡೋಕೆ ಅಂತ ಆ ಇಲಾಖೆಯವರು ಯಾರೂ ಬರಲಿಲ್ಲ. ಗದ್ದೆ ಒಣಗುತ್ತಲ್ಲ, ಯಲ್ಲಯ್ಯನೇ ಬಿಡುತ್ತಾ ಹೋದ. ಎಪ್ಪತ್ತೊಂದರಲ್ಲಿ ಅವನು ತೀರಿಕೊಂಡ. ಆ ಹೊತ್ತಿಗೆ ಗಂಡನನ್ನು ಕಳಕೊಂಡು ತವರಿಗೆ ಬಂದಿದ್ದ ಮುನಿಯಕ್ಕನೇ ಗುದ್ದಲಿ ಎತ್ತಿಕೊಂಡಳು. ಆಗ ಅವಳಿಗೆ ಮೂವತ್ತು.

ಚಲುವರಾಜುಗೆ ಇದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ, ಕೇರಿಯ ಹುಡುಗರನ್ನು ಸೇರಿಸಿ ಸಂಘ ಕಟ್ಟಿದ್ದ, ಮನೆ ಗೋಡೆಗೆ ಅಂಬೇಡ್ಕರ್ ಫೋಟೋ ಹಾಕಿದ್ದ.

"ಕಾನೂನೇ ಬಿಡಿಸ್ತು ನಮ್ಮನ್ನ. ಗೌಡರ ಗದ್ದೆಗೆ ನೀರು ತಿರುಗ್ಸೋ ಜೀತಾನ ನೀನ್ಯಾಕೆ ಮತ್ತೆ ತಲೆ ಮೇಲೆ ಹೊತ್ಕೊತೀಯಕ್ಕ?"

"ಗೌಡ್ರ ಗದ್ದೆ ಒಂದೇನಾ? ನಮ್ಮ ಮಡಿಗೆ ನೀರು ಎಲ್ಲಿಂದ ಬತ್ತದೆ?" ಅನ್ನುತ್ತಿದ್ದಳು. "ಅಪ್ಪ ಅವ್ರಿಗೆ ಬುದ್ದೀ ಬುದ್ದೀ ಅಂತ ಬಗ್ತಿದ್ದ. ನಾನು ಬಗ್ಗಲ್ಲ. ನೀರು ಬಿಡ್ತೀನಿ, ಅಷ್ಟೆ."

ನಿಜವೇ. ಊರ ಗೌಡರಲ್ಲೇ ದೊಡ್ಡ ಕುಳ ತಿಮ್ಮರಾಯಪ್ಪನನ್ನು ಅವಳು ಒಂದು ದಿನವೂ ಬುದ್ದಿ ಅಂತ ಕರೆದವಳಲ್ಲ. "ತಿಮ್ಮರಾಯಪ್ಪನೋರೆ, ನಿಮ್ಮ ಸರದಿ ಮುಗೀತು" ಅಂತ ಗದ್ದೆಯ ಬದುವಿನ ಮೇಲೆ ನಿಂತು ಹೇಳಿ, ನೀರು ಒಳಬರುವ ಮಡೆ ಕಟ್ಟಿ ಹೋಗುತ್ತಿದ್ದಳು.

ಅವಳ ಬದುಕು ನಡೆಯುತ್ತಿದ್ದುದು ಸೊಪ್ಪಿನಿಂದ. ದಂಟು, ಕೀರೆ, ಸಬ್ಬಸಿಗೆ, ಚಕ್ಕೋತ. ಬೆಳಗ್ಗೆ ಕಿತ್ತು, ತೊಳೆದು, ಕಟ್ಟು ಕಟ್ಟಿ, ಬುಟ್ಟಿ ಹೊತ್ತು ನಡೆದೇ ಜಯನಗರಕ್ಕೆ ಹೋಗುತ್ತಿದ್ದಳು. ಅಲ್ಲಿಂದ ತ್ಯಾಗರಾಜನಗರ ಸುತ್ತಿ ಹತ್ತು ಗಂಟೆಯ ಒಳಗೆ ಬುಟ್ಟಿ ಖಾಲಿ ಮಾಡುತ್ತಿದ್ದಳು. ಅವಳ ಸೊಪ್ಪಿಗೆ ಕಾಯುವ ಮನೆಗಳಿದ್ದವು.

ಎಪ್ಪತ್ತಾರರಲ್ಲಿ ಕೆರೆಯ ಮೇಲುಗಡೆ ತಿಮ್ಮರಾಯಪ್ಪ ತನ್ನ ಎರಡೆಕರೆ ಹೊಲವನ್ನು ಬದರಿನಾಥ ಅನ್ನುವ ಪೇಟೆಯ ಸಾಹುಕಾರನಿಗೆ ಗುತ್ತಿಗೆಗೆ ಕೊಟ್ಟ. ಅಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಎದ್ದಿತು. ಊರಿಗೆಲ್ಲ ಸಂಭ್ರಮ. ನಲವತ್ತು ಜನಕ್ಕೆ ಕೆಲಸ ಸಿಕ್ಕಿತು, ಅದರಲ್ಲಿ ಹದಿನಾಲ್ಕು ಮಂದಿ ಕೇರಿಯವರು. ಚಲುವರಾಜು ಬಾಯ್ಲರ್ ನೋಡಿಕೊಳ್ಳೋಕೆ ಸೇರಿದ. ಮೊದಲ ತಿಂಗಳು ಅಕ್ಕನಿಗೆ ಹಸಿರು ಸೀರೆ ತಂದುಕೊಟ್ಟ. ಅವಳು ಅದನ್ನುಟ್ಟು ಜಯನಗರದ ಗಿರಾಕಿಗಳಿಗೆಲ್ಲ "ನನ್ ತಮ್ಮ ತಂದಿದ್ದು" ಅಂತ ತೋರಿಸಿಕೊಂಡು ಬಂದಳು.

ಎರಡು ವರ್ಷಕ್ಕೆ ಕೆರೆಗೆ ನೀರು ತರುವ ಮೇಲುಗಾಲುವೆ ಬಣ್ಣಬಣ್ಣವಾಗಿ ಹರಿಯತೊಡಗಿತು. ಸೋಮವಾರ ಕೆಂಪಾದರೆ ಬುಧವಾರ ನೀಲಿ. ಮಕ್ಕಳು ಅದರಲ್ಲಿ ಕೈ ಅದ್ದಿ ಗೋಡೆಗೆ ಗುರುತು ಹಾಕಿ ಆಡಿದವು. ಆಮೇಲೆ ಅವುಗಳ ಕೈಯಲ್ಲಿ ತುರಿಗಜ್ಜಿ ಎದ್ದಿತು. ಮೀನು ಹೊಟ್ಟೆ ಮೇಲಾಗಿ ತೇಲಿದವು. ತಿಮ್ಮರಾಯಪ್ಪನ ಹೆಂಡತಿ ಸೊಣ್ಣಮ್ಮನ ಕರಾವಿನ ಹಸು ಕೆರೆ ನೀರು ಕುಡಿದು ಬಿತ್ತು, ಮತ್ತೆ ಏಳಲಿಲ್ಲ. ಮುನಿಯಕ್ಕನ ಮಡಿಯಲ್ಲಿ ದಂಟಿನ ಬುಡ ಕಪ್ಪಾಗಿ ಕೊಳೆಯಿತು.

ಒಂದು ಬೆಳಗ್ಗೆ ತ್ಯಾಗರಾಜನಗರದ ಗೌರೀಶಂಕರರ ಮನೆ ಮುಂದೆ ಬುಟ್ಟಿ ಇಳಿಸಿದಳು. ಗೌರೀಶಂಕರರು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ಮಿತಭಾಷಿ. ಒಂದು ಕಟ್ಟು ಎತ್ತಿ ಮೂಸಿ ನೋಡಿ ವಾಪಸ್ ಇಟ್ಟರು.

"ಸೀಮೆಣ್ಣೆ ವಾಸನೆ ಬರ್ತಿದೆಯಲ್ಲಮ್ಮ."

ಹದಿನೈದು ವರ್ಷದಲ್ಲಿ ಅವಳ ಸೊಪ್ಪನ್ನು ಯಾರೂ ವಾಪಸ್ ಇಟ್ಟಿರಲಿಲ್ಲ. ಮುನಿಯಕ್ಕನ ಕಿವಿ ಬಿಸಿಯಾಯಿತು. ಬುಟ್ಟಿಯನ್ನು ಹಾಗೇ ಹೊತ್ತು ಬೀದಿಯ ಕೊನೆಗೆ ಹೋಗಿ ಅಷ್ಟೂ ಸೊಪ್ಪನ್ನು ತಿಪ್ಪೆಗೆ ಸುರಿದಳು. ವಾಪಸ್ ಬಂದು ಅವರ ಜಗಲಿಯ ಮುಂದೆ ನಿಂತಳು.

"ಸ್ವಾಮಿ, ನೀವು ಕೋರ್ಟ್ನಲ್ಲಿದ್ದೋರು. ಇದಕ್ಕೊಂದು ಕಾನೂನು ಇಲ್ವಾ?"

ಗೌರೀಶಂಕರರು ಅವಳ ಕತೆಯನ್ನು ಪೂರ್ತಿ ಕೇಳಿದರು. ಒಳಗಿಂದ ಹಳೇ ದಪ್ಪ ಪುಸ್ತಕ ತಂದು ಹಾಳೆ ತಿರುವಿದರು.

"ಇದೆ. ಕ್ರಿಮಿನಲ್ ಪ್ರೊಸೀಜರ್ ಕೋಡು, ನೂರಾ ಮೂವತ್ತಮೂರನೇ ಕಲಮು. ಸಾರ್ವಜನಿಕರಿಗೆ ಉಪದ್ರವ ಆಗ್ತಿದ್ರೆ, ತೆಗೆದುಹಾಕು ಅಂತ ಮ್ಯಾಜಿಸ್ಟ್ರೇಟರು ಆರ್ಡರ್ ಮಾಡಬಹುದು. ಲಾಯರೇ ಬೇಕು ಅಂತಿಲ್ಲ. ಯಾರು ತಿಳಿಸಿದ್ರೂ ಆಗುತ್ತೆ."

"ಯಾರು ಬೇಕಾದ್ರೂ?"

"ಯಾರು ಬೇಕಾದ್ರೂ. ಇನ್ನೊಂದು ವಿಷಯ. ಈಚೆಗೆ ಸಂವಿಧಾನದಲ್ಲೇ ಸೇರಿಸಿದ್ದಾರೆ, ಕಾಡು, ಕೆರೆ, ಹೊಳೆ ಕಾಪಾಡೋದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಅಂತ."

"ಅಂದ್ರೆ ದೇಶದೋರನ್ನೆಲ್ಲ ನೀರಗಂಟಿ ಮಾಡವ್ರೆ ಅನ್ನಿ" ಅಂದಳು ಮುನಿಯಕ್ಕ. ಗೌರೀಶಂಕರರು ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಅರ್ಜಿ ಅವರೇ ಬರೆದರು. ಹೆಬ್ಬೆಟ್ಟು ಒತ್ತುವ ಮುಂಚೆ ಅವಳು ತನ್ನ ಹೆಸರು ಎಲ್ಲಿದೆ ಅಂತ ಕೇಳಿದಳು. ತೋರಿಸಿದರು.

"ಮುಂದೆ ನೀರಗಂಟಿ ಅಂತ ಬರೀರಿ."

"ಆ ಹುದ್ದೆ ಈಗ ಇಲ್ಲಮ್ಮ. ಕಾನೂನಿನಲ್ಲಿ ರದ್ದಾಗಿದೆ."

"ಹುದ್ದೆ ರದ್ದಾಯ್ತು ಸ್ವಾಮಿ, ಕೆಲಸ ಎಲ್ಲಿ ರದ್ದಾಯ್ತು? ಇವತ್ತೂ ಬೆಳಗ್ಗೆ ಮಾಡೇ ಬಂದಿದೀನಿ. ಬರೀರಿ."

ಬರೆದರು.

ಅದು ಎಪ್ಪತ್ತೊಂಬತ್ತು. ಅರ್ಜಿಯ ಸುದ್ದಿ ಊರು ತಲುಪಿದ ದಿನ ಚಲುವರಾಜು ಊಟದ ತಟ್ಟೆ ತಳ್ಳಿ ಎದ್ದ. "ನನ್ನ ಅನ್ನಕ್ಕೇ ಮಣ್ಣು ಹಾಕ್ತಿದೀಯ. ಕೇರಿಯ ಹದಿನಾಲ್ಕು ಮನೆ ಒಲೆ ಆರ್ಸ್ತೀಯ. ಯಾರಿಗೋಸ್ಕರ? ಗೌಡರ ಗದ್ದೆಗೋಸ್ಕರ!" ಅಂದವನೇ ಹೆಂಡತಿಯನ್ನು ಕರಕೊಂಡು ಬೇರೆ ಮನೆ ಮಾಡಿದ. ಆ ಮಾತು ಮುನಿಯಕ್ಕನ ಎದೆಗೆ ನಾಟಿತು. ಯಾಕೆಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಸಿರು ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಅರ್ಜಿಯನ್ನು ಮಾತ್ರ ವಾಪಸ್ ತಗೊಳ್ಳಲಿಲ್ಲ.

ತಿಮ್ಮರಾಯಪ್ಪ ಹೇಳಿಕಳಿಸಿದ. ಹೋಗಲಿಲ್ಲ. ಕೊನೆಗೆ ಅವನೇ ಏರಿ ಮೇಲೆ ಬಂದ.

"ನಿಮ್ಮಪ್ಪ ನಮ್ಮನೆ ಬಾಗಿಲಲ್ಲಿ ನಿಂತು ರಾಗಿ ಇಸ್ಕೊಂಡೋಗ್ತಿದ್ದ, ಮರ್ತ್ಯಾ?"

"ಇಲ್ಲ. ನೀರು ಬಿಟ್ಟಿದ್ದಕ್ಕೆ ಇಸ್ಕಂಡ. ಈಗ ನಾನು ಯಾರತ್ರಾನೂ ಇಸ್ಕಣಲ್ಲ. ಅದಕ್ಕೇ ಮಾತಾಡಕ್ಕೆ ಬತ್ತದೆ."

ವಿಚಾರಣೆಗೆ ಎಷ್ಟು ಸಲ ಹೋದಳೋ ಲೆಕ್ಕವಿಲ್ಲ. ಬೆಳಗ್ಗೆ ಸೊಪ್ಪು ಮಾರಿ, ಖಾಲಿ ಬುಟ್ಟಿ ಹಿಡಿದೇ ಬಸ್ಸು ಹತ್ತಿ ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ ಇಳಿಯುತ್ತಿದ್ದಳು. ವಾಯಿದೆ ಮೇಲೆ ವಾಯಿದೆ. ಬದರಿನಾಥನ ಲಾಯರು ಚುರುಕಿನ ಮನುಷ್ಯ. "ನಲವತ್ತು ಕುಟುಂಬ ಅನ್ನ ತಿನ್ನೋ ಜಾಗ ಸಾರ್ ಅದು. ದೂರು ಹೇಳ್ತಿರೋದು ಒಬ್ಬಳೇ ಹೆಂಗಸು, ಅದೂ ಇಲ್ಲದ ಹುದ್ದೆ ಹೆಸರಲ್ಲಿ" ಅನ್ನುತ್ತಿದ್ದ.

ಮ್ಯಾಜಿಸ್ಟ್ರೇಟರು ಆಗಿನ್ನೂ ಹೊಸಬರು, ಕಿರಿವಯಸ್ಸಿನವರು. "ಏನಮ್ಮ, ಕಾರ್ಖಾನೆ ಮುಚ್ಚಿಸಬೇಕು ಅಂತೀಯಾ?" ಅಂತ ಕೇಳಿದರು.

"ಮುಚ್ಚಿ ಅಂತ ನಾನು ಎಲ್ಲೂ ಹೇಳಿಲ್ಲ ಸ್ವಾಮಿ. ನನ್ ತಮ್ಮಾನೂ ಅಲ್ಲೇ ದುಡೀತಾನೆ. ನಡಿಸ್ಲಿ. ಕೊಳೆ ತೊಳ್ದು ನೀರು ಬಿಡ್ಲಿ. ನಾನು ಸೊಪ್ಪು ಮಾರೋಳು. ಮಣ್ಣು ತೊಳ್ದೇ ಮಾರ್ತೀನಿ. ಸಾವ್ಕಾರ್ರಿಗೆ ಅಷ್ಟು ಆಗಲ್ವಾ?"

ಸ್ಥಳಕ್ಕೇ ಬಂದು ನೋಡುತ್ತೇನೆ ಅಂತ ಮ್ಯಾಜಿಸ್ಟ್ರೇಟರು ದಿನ ಗೊತ್ತು ಮಾಡಿದರು. ನೋಟೀಸು ಎರಡೂ ಕಡೆಗೆ ಹೋಯಿತು. ಅಲ್ಲೇ ತೊಡಕಾಯಿತು. ಹದಿನೈದು ದಿನ ಮುಂಚೆಯೇ ಬದರಿನಾಥ ಬಣ್ಣದ ತೊಟ್ಟಿಗಳನ್ನು ನಿಲ್ಲಿಸಿ ಮಿಷನ್ನು ರಿಪೇರಿ ಅಂದ. ನಡುವೆ ಎರಡು ಜೋರು ಮಳೆ ಬಂತು. ಕಾಲುವೆ ತೊಳೆದುಹೋಯಿತು, ಕೆರೆಯ ಮೇಲುನೀರು ಕನ್ನಡಿಯ ಹಾಗೆ ತಿಳಿಯಾಯಿತು.

ಮುನಿಯಕ್ಕ ಏರಿ ಮೇಲೆ ನಿಂತು ಆ ತಿಳಿನೀರನ್ನು ನೋಡಿದಳು. ಸಾಹೇಬರು ಬಂದು ಇದನ್ನೇ ನೋಡಿ ಹೋಗುತ್ತಾರೆ ಅನ್ನುವುದು ಅವಳಿಗೆ ಗೊತ್ತಾಯಿತು. ಹಿಂದಿನ ದಿನ ಅಚ್ಚುಕಟ್ಟಿನ ಒಬ್ಬೊಬ್ಬರ ಮನೆ ಮುಂದೆಯೂ ನಿಂತು, "ನಾಳೆ ನಿಮ್ಮ ಗದ್ದೆ ಮಡೆ ಕಟ್ಕಳಿ. ಒಂದು ತೊಟ್ಟು ನೀರೂ ಒಳಕ್ಕೆ ಬಿಟ್ಕಬೇಡಿ" ಅಂತ ಹೇಳಿ ಬಂದಳು. ಯಾಕೆ ಅಂದವರಿಗೆ ಕಾರಣ ಹೇಳಲಿಲ್ಲ. ಮಾತು ಕೇಳದವರ ಮಡೆಗಳನ್ನು ತಾನೇ ಕಟ್ಟಿದಳು. ಕೋಡಿಹಳ್ಳದ ಪಕ್ಕದ ಖಾಲಿ ಮಣ್ಣುಗುಂಡಿಗೆ ಕಾಲುವೆ ತಿರುಗಿಸಿಟ್ಟಳು.

ಮ್ಯಾಜಿಸ್ಟ್ರೇಟರ ಜೀಪು ಬಂದಾಗ ಬೆಳಗ್ಗೆ ಹನ್ನೊಂದು. ಏರಿ ಮೇಲೆ ಜನವೋ ಜನ. ಒಂದು ಕಡೆ ಬದರಿನಾಥ, ಲಾಯರು, ತಿಮ್ಮರಾಯಪ್ಪ. ಹಿಂದೆ ಕಾರ್ಖಾನೆಯ ಕೆಲಸದವರು, ಅವರ ನಡುವೆ ಕೈಕಟ್ಟಿ ನಿಂತ ಚಲುವರಾಜು. ಇನ್ನೊಂದು ಕಡೆ ಮುನಿಯಕ್ಕ ಒಬ್ಬಳೇ. ಗೌರೀಶಂಕರರು ಛತ್ರಿ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದರು.

ಲಾಯರು ಲೋಟದಲ್ಲಿ ಕೆರೆ ನೀರು ಮೊಗೆದು ಎತ್ತಿ ಹಿಡಿದ. "ನೋಡಿ ಸಾರ್. ಎಲ್ಲಿದೆ ಬಣ್ಣ?"

"ಸ್ವಾಮಿ, ಅಲ್ಲೇ ನಿಂತಿರಿ. ಒಂದು ಗಳಿಗೆ" ಅಂದಳು ಮುನಿಯಕ್ಕ. ಸೆರಗನ್ನು ಸೊಂಟಕ್ಕೆ ಬಿಗಿದು ತೂಬಿನ ಕಡೆ ನಡೆದಳು.

ಕೆರೆ ನೋಡಿಕೊಳ್ಳುವ ಇಲಾಖೆಯ ಮೇಸ್ತ್ರಿ ಅಡ್ಡ ಬಂದ. "ಏಯ್, ಅದು ಸರ್ಕಾರಿ ತೂಬು. ಪರ್ಮಿಷನ್ ಇಲ್ದೆ ಮುಟ್ಟಿದ್ರೆ ಕೇಸಾಗುತ್ತೆ!"

"ಹಾಕ್ಕಳಪ್ಪ. ಹೆಸರು ಮುನಿಯಕ್ಕ, ಯಲ್ಲಯ್ಯನ ಮಗಳು."

ಕಲ್ಲುಕಂಬ ಹಿಡಿದು ಇಳಿದಳು, ಸೊಂಟಮಟ್ಟ, ಎದೆಮಟ್ಟ. ಆಮೇಲೆ ಮುಳುಗಿದಳು. ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗಿದಳು. ಬಣ್ಣದ ನೀರು ಬಂದಾಗಿನಿಂದ, ಕೊಳೆ ಗದ್ದೆಗೆ ನುಗ್ಗೀತು ಅಂತ, ಆ ಕೆಳಗಿನ ಬಿರಡೆಯನ್ನು ತೆಗೆದಿರಲಿಲ್ಲ, ಹೂಳು ಕಚ್ಚಿಕೊಂಡಿತ್ತು. ನೀರೊಳಗೆ ಅವಳ ಕಣ್ಣಿಗೆ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಕಿವಿ ಗುಂಯ್ ಅಂದಿತು. ಕಂಬಕ್ಕೆ ಬೆನ್ನು ಕೊಟ್ಟು ಎರಡೂ ಕಾಲಿನಿಂದ ಒದ್ದಳು. ಒಂದು, ಎರಡು. ಮೂರನೇ ಒದೆತಕ್ಕೆ ಬಿರಡೆ ಕಿತ್ತು ಬಂತು.

ಅವಳು ಮೇಲೆದ್ದು ಕೆಮ್ಮುತ್ತಿರುವಾಗಲೇ ಏರಿಯ ಆಚೆ ಕಾಲುವೆಯಲ್ಲಿ ಕೂಗು ಎದ್ದಿತು. ಕೆರೆಯ ತಳದಲ್ಲಿ ಕೂತಿದ್ದದ್ದು ಹೊರಗೆ ಬರುತ್ತಿತ್ತು. ಮೊದಲು ಕಪ್ಪು, ಆಮೇಲೆ ನೇರಳೆ, ಆಮೇಲೆ ಅಂಟಂಟಾದ ಕಡುನೀಲಿ. ಮ್ಯಾಜಿಸ್ಟ್ರೇಟರ ಬೂಟಿನ ಎರಡು ಮೊಳ ಕೆಳಗೇ ಅದು ಹರಿಯಿತು. ನಾತಕ್ಕೆ ಅವರ ಡವಾಲಿ ಜವಾನ ಮೂಗು ಮುಚ್ಚಿಕೊಂಡ. ಬದರಿನಾಥ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ.

ಸೀರೆಯಿಂದ ನೀರು ಸುರಿಸುತ್ತಾ ಮುನಿಯಕ್ಕ ಏರಿ ಹತ್ತಿದಳು. ಅವಳ ಕಾಲು ಮೊಣಕಾಲಿನ ತನಕ ನೀಲಿಯಾಗಿತ್ತು.

"ಇದು ಕೆರೆ ಹೊಟ್ಟೆಯೊಳಗಿರೋದು ಸ್ವಾಮಿ. ಲೋಟದಲ್ಲಿ ಹಿಡ್ಕೊಡಾಣ್ವಾ?"

ಲಾಯರು ಸುಮ್ಮನಾಗುವವನಲ್ಲ. "ಸಾರ್, ಕೆರೆ ಅಂಗಳದಲ್ಲಿ ಇಟ್ಟಿಗೆಗೆ ಮಣ್ಣು ತೆಗೆದು ಗುಂಡಿ ಮಾಡಿರೋದು ಊರೋರೇ. ದನ ತೊಳೆಯೋರೂ ಊರೋರೇ. ಬರೀ ಕಾರ್ಖಾನೆ ಮೇಲೆ ಯಾಕೆ?"

ಮ್ಯಾಜಿಸ್ಟ್ರೇಟರು ಮುನಿಯಕ್ಕನ ಕಡೆ ತಿರುಗಿದರು.

"ದಿಟ ಸ್ವಾಮಿ. ಅದನ್ನೂ ಬರ್ಕಳಿ" ಅಂದಳು. "ಇಟ್ಟಿಗೆ ಗೂಡು ತಿಮ್ಮರಾಯಪ್ಪನೋರ್ದು. ದನ ಎಲ್ಲಾರ್ದೂ. ನಮ್ಮ ಕೇರಿ ಬಚ್ಚಲ ನೀರೂ ಇದೇ ಕಾಲುವೆಗೆ ಬೀಳ್ತದೆ, ನನ್ನ ಮನೇದೂ ಸೇರಿ. ಯಾರ್ನೂ ಬಿಡಬೇಡಿ."

ಕೇರಿಯ ಕಡೆಯಿಂದ "ಅಯ್ಯೋ ಇವಳ" ಅಂತ ಗೊಣಗಾಟ ಎದ್ದಿತು. ತಿಮ್ಮರಾಯಪ್ಪ ಹೆಜ್ಜೆ ಮುಂದಿಟ್ಟು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಅವನ ಹೆಂಡತಿ ಸೊಣ್ಣಮ್ಮ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು.

"ನನ್ನ ಹಸು ಸತ್ತಿದ್ದು ಈ ನೀರಿಗೇನೆ ಸ್ವಾಮಿ. ಬೇಕಾದ್ರೆ ನಾನೂ ಹೆಬ್ಬೆಟ್ಟು ಹಾಕ್ತೀನಿ" ಅಂದಳು, ಗಂಡನ ಮುಖ ನೋಡದೆ.

ಎಂಬತ್ತೆರಡರಲ್ಲಿ ಆರ್ಡರು ಬಂತು. ಬಣ್ಣದ ನೀರನ್ನು ತೊಟ್ಟಿಗಳಲ್ಲಿ ಇಳಿಸಿ, ಸುಣ್ಣ ಹಾಕಿ ಶುದ್ಧ ಮಾಡಿಯೇ ಬಿಡಬೇಕು, ಮೂರು ತಿಂಗಳೊಳಗೆ ಇದಾಗಬೇಕು, ಅಲ್ಲಿಯವರೆಗೆ ಕೆರೆಗೆ ಒಂದು ತೊಟ್ಟೂ ಬಿಡಕೂಡದು. ಕೆರೆ ಅಂಗಳದಲ್ಲಿ ಮಣ್ಣು ತೆಗೆಯುವುದು ಬಂದ್. ಕೇರಿಯ ಮತ್ತು ಊರಿನ ಬಚ್ಚಲ ನೀರಿಗೆ ಬೇರೆ ಗುಂಡಿ. ಬದರಿನಾಥ ಮೇಲಿನ ಕೋರ್ಟಿಗೆ ಹೋದ. ಅಲ್ಲೂ ಅವನು ಗೆಲ್ಲಲಿಲ್ಲ. ಸಿಟ್ಟಿಗೆದ್ದು ಗೇಟಿಗೆ ಬೀಗ ಜಡಿದ. "ನಿಮ್ಮ ಮುನಿಯಕ್ಕ ಮುಚ್ಚಿಸಿದಳು" ಅಂತ ಕೆಲಸದವರಿಗೆ ಹೇಳಿದ.

ಅವತ್ತು ಸಂಜೆ ನಲವತ್ತು ಜನ ಅವಳ ಮನೆ ಮುಂದೆ ಬಂದು ನಿಂತರು. ಬಾಯಿಗೆ ಬಂದಂತೆ ಬೈದರು. ಒಬ್ಬ ಹೆಂಚಿಗೆ ಕಲ್ಲು ಬೀರಿದ. ಚಲುವರಾಜುವೂ ಬಂದಿದ್ದ, ಬೈಯದೆ ನಿಂತಿದ್ದ. ಮುನಿಯಕ್ಕ ಆರ್ಡರಿನ ನಕಲನ್ನು ತಂದು ಅವನ ಕೈಗೆ ಕೊಟ್ಟಳು.

"ನಂಗೆ ಓದಕ್ಕೆ ಬರಲ್ಲ. ನಿಂಗೆ ಬತ್ತದೆ. ಎಲ್ಲಾರ್ಗೂ ಕೇಳಂಗೆ ಓದು. ಮುಚ್ಚಿ ಅಂತ ಒಂದು ಮಾತಿದ್ರೆ ನಾಳೇನೇ ಈ ಊರು ಬಿಟ್ಟೋಯ್ತೀನಿ."

ಅವನು ಓದಿದ. ಒಂದು ಸಲ ಬೇಗ, ಎರಡನೇ ಸಲ ನಿಧಾನವಾಗಿ. ಮುಚ್ಚಿ ಅನ್ನುವ ಮಾತು ಅದರಲ್ಲಿ ಇರಲಿಲ್ಲ. ತೊಟ್ಟಿ ಕಟ್ಟು ಅಂತ ಇತ್ತು.

"ಹಂಗಾದ್ರೆ ಬೀಗ ಯಾರು ಹಾಕಿದ್ದು?" ಅಂತ ಕೇಳಿದಳು.

ಮಾರನೇ ಬೆಳಗ್ಗೆ ನಲವತ್ತು ಜನ ಕಾರ್ಖಾನೆ ಗೇಟಿನ ಮುಂದೆ ಕೂತರು. ಮುನಿಯಕ್ಕ ಸೊಪ್ಪು ಮಾರಿಕೊಂಡು ಬಂದು ಅವರ ಪಕ್ಕದಲ್ಲಿ ಕೂತಳು. ಹಿಂದಿನ ದಿನ ಕಲ್ಲು ಬೀರಿದವನು ಎದ್ದು ಅವಳಿಗೆ ನೆರಳಲ್ಲಿ ಜಾಗ ಬಿಟ್ಟ. ನಾಲ್ಕು ತಿಂಗಳು ಹಾಗೇ ನಡೆಯಿತು. ಗೇಟಿನ ಮುಂದೆ ಕಂಬಳಿ ಹಾಸಿಕೊಂಡು ಕೂರುವುದು ಅವರಿಗೆ ಕೆಲಸಕ್ಕೆ ಹೋದ ಹಾಗೇ ಆಗಿಹೋಯಿತು. ಬದರಿನಾಥ ಬೇರೆ ಕಡೆ ಜಾಗ ಹುಡುಕಿದ, ಅಲ್ಲೂ ನೀರಿನ ಕಾನೂನು ಅದೇ ಅಂತ ತಿಳಿದು ವಾಪಸ್ ಬಂದ. ಮೂರು ತೊಟ್ಟಿ ಕಟ್ಟಿಸಿದ. ಅವಕ್ಕೆ ಸುಣ್ಣ ಬೆರೆಸುವ, ನೀರು ತಿಳಿಯಾದ ಮೇಲೆ ಬಿಡುವ ಕೆಲಸಕ್ಕೆ ಓದು ಬರಹ ಬರುವವನು ಬೇಕಾಗಿತ್ತು. ಚಲುವರಾಜುವನ್ನು ಹಾಕಿದರು.

ಕೆರೆಗೆ ಮೀನು ಬರೋಕೆ ಎರಡು ಮಳೆಗಾಲ ಬೇಕಾಯಿತು. ಎಲ್ಲವೂ ಸರಿಹೋಯಿತು ಅಂತೇನಿಲ್ಲ. ಕೆರೆಯ ಪೂರ್ವದ ಏಳು ಎಕರೆ ಬಡಾವಣೆಗೆ ಹೋಯಿತು. ಅದರ ಮೇಲೂ ಅರ್ಜಿ ಹಾಕಿದಳು, ಸೋತಳು.

ತೂಬು ತೆಗೆದ ಕೇಸು ಮಾತ್ರ ಉಳಿದಿತ್ತು. ಇಲಾಖೆಯವರು ಹೇಳಿದ ಹಾಗೇ ಕೇಸು ಹಾಕಿದ್ದರು. ಎಂಬತ್ನಾಲ್ಕರಲ್ಲಿ ಅದು ಬೇರೊಂದು ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಸರ್ಕಾರಿ ವಕೀಲರು ಒಳ್ಳೆಯ ಮನುಷ್ಯ. "ಅಮ್ಮಾ, ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಡಿ. ಬಿಟ್ಟುಬಿಡ್ತಾರೆ" ಅಂದರು.

"ತೆಗೆದಿದ್ದು ನಾನೇ ಸಾರ್. ಸಾವಿರ ಜನ ನೋಡವ್ರೆ. ತಪ್ಪು ಅಂತ ಮಾತ್ರ ಬರ್ಸಲ್ಲ."

ಗೌರೀಶಂಕರರೂ ಹೇಳಿ ನೋಡಿದರು. "ಕಾನೂನು ನಿನ್ನ ಕಡೆ ನಿಂತಿತಲ್ಲಮ್ಮ, ನೀನೂ ಅದಕ್ಕೆ ಸ್ವಲ್ಪ ತಲೆ ಬಾಗಬೇಕು."

"ಬಾಗ್ತೀನಿ ಸ್ವಾಮಿ. ಶಿಕ್ಷೆ ಕೊಡ್ಲಿ, ಅನುಭವಿಸ್ತೀನಿ. ಓಡೋಗಲ್ಲ. ಸುಳ್ಳು ಮಾತ್ರ ಹೇಳಲ್ಲ."

ಜಡ್ಜು ಎರಡೂ ಕಡೆ ಕೇಳಿ, ಅಪ್ಪಣೆಯಿಲ್ಲದೆ ತೂಬು ತೆಗೆದದ್ದು ಅಪರಾಧವೇ ಅಂತ ಹೇಳಿದರು. ಶಿಕ್ಷೆ ಅಂದರೆ, ಅವತ್ತಿನ ಕಲಾಪ ಮುಗಿದು ಕೋರ್ಟು ಏಳುವ ತನಕ ಅಲ್ಲೇ ಇರಬೇಕು. ಆಗ ಬೆಳಗ್ಗೆ ಹನ್ನೊಂದೂವರೆ. ಆ ಕೋರ್ಟಿನ ಡವಾಲಿ ಬೆಂಚು ತೋರಿಸಿದ, "ಕೂತ್ಕೊಳಿ ಅಕ್ಕ." ಅವಳು ಕೂರಲಿಲ್ಲ. ಗೋಡೆಗೂ ಒರಗಲಿಲ್ಲ. ಬೇರೆಯವರ ಜಗಳಗಳು ಬಂದವು, ಹೋದವು. ಸೈಕಲ್ ಕಳ್ಳ ಬಂದ, ಬಾಡಿಗೆ ತಕರಾರು ಬಂತು. ಮಧ್ಯಾಹ್ನ ಕೇರಿಯ ಹೆಂಗಸರು ಬಂದು ಹಿಂದಿನ ಸಾಲಿನಲ್ಲಿ ನಿಂತರು. ಮೂರು ಗಂಟೆಗೆ ಚಲುವರಾಜು ಕೆಲಸಕ್ಕೆ ಅರ್ಧ ದಿನ ರಜ ಹಾಕಿ ಬಂದ. ಅಕ್ಕನ ಪಕ್ಕದಲ್ಲಿ ನಿಂತುಕೊಂಡ. ಮುನಿಯಕ್ಕನ ಮೊಣಕಾಲು ನೋಯುತ್ತಿತ್ತು. ತೋರಿಸಿಕೊಳ್ಳಲಿಲ್ಲ.

ಐದೂ ಹತ್ತಕ್ಕೆ ಜಡ್ಜು ಕಾಗದ ಮಡಿಸಿ ಎದ್ದರು. ಎಲ್ಲರೂ ಎದ್ದು ನಿಂತರು. ಅವಳು ನಿಂತೇ ಇದ್ದಳು.

"ಶಿಕ್ಷೆ ಮುಗೀತಾ?" ಅಂತ ಡವಾಲಿಯನ್ನು ಕೇಳಿದಳು.

"ಮುಗೀತು, ಹೋಗಿ ಅಕ್ಕ."

"ಹಂಗಾದ್ರೆ ನಾಳೆ ಮೇಲಿನ ಕಂಡಿ ತೆಗೀತೀನಿ ಅಂತ ಇಲಾಖೆಯೋರಿಗೆ ಹೇಳ್ಬಿಡಿ. ಗದ್ದೆ ಬಿರುಕು ಬಿಡ್ತಾ ಐತೆ. ಪರ್ಮಿಷನ್ ಕೊಡೋದಿದ್ರೆ ಬೆಳಕು ಹರಿಯೋದ್ರೊಳಗೆ ಕಳಿಸ್ಲಿ."

ಡವಾಲಿ ಕಣ್ಣರಳಿಸಿ ನೋಡಿದ. ಚಲುವರಾಜು ನಗು ತಡೆಯಲಾರದೆ ಬೇರೆ ಕಡೆ ಮುಖ ತಿರುಗಿಸಿದ. ಮಾರನೇ ದಿನ ಏರಿ ಮೇಲೆ ಬೆಳಕು ಹರಿಯುವ ತನಕ ಅವಳು ಕಾದಳು. ಯಾರೂ ಬರಲಿಲ್ಲ. ಕಂಡಿ ತೆಗೆದಳು.